ಚಿಕ್ಕ ಸ್ಪಾಟಿಂಗ್ ಸ್ಕೋಪು: ನಡುವಿನ ಅಂಕಿಗೆ ಮರುಳಾಗಬೇಡಿ

ದೂರದ ಹಕ್ಕಿಯನ್ನು ದೊಡ್ಡದಾಗಿ ನೋಡಲು ಟ್ರೈಪಾಡಿನ ಮೇಲಿಡುವ ಒಂಟಿಗಣ್ಣಿನ ದೂರದರ್ಶಕವೇ ಸ್ಪಾಟಿಂಗ್ ಸ್ಕೋಪು. ಅದರ ಡಬ್ಬಿಯ ಮೇಲೆ ಮೂರು ಅಂಕಿಗಳಿರುತ್ತವೆ. 20-60×60 ಅಂತಲೋ, 11-33×50 ಅಂತಲೋ. ಮೊದಲನೆಯದು ಕನಿಷ್ಠ ಜೂಮ್, ಎರಡನೆಯದು ಗರಿಷ್ಠ ಜೂಮ್, ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಕೊಳ್ಳಲು ಹೋದವರ ಕಣ್ಣು ಹೋಗಿ ನಿಲ್ಲುವುದು ನಡುವಿನದರ ಮೇಲೆ. ಅರವತ್ತು ಪಟ್ಟು ಅಂದರೆ ಮೂವತ್ತಕ್ಕಿಂತ ಒಳ್ಳೆಯದೇ ತಾನೇ ಎಂಬ ಲೆಕ್ಕ. ಚಿಕ್ಕ ಸ್ಕೋಪುಗಳ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ನೀರಿನ ದಂಡೆಯಲ್ಲಿ ನಿಂತು ಹಕ್ಕಿ ಹುಡುಕುವಾಗ ಬಹುಹೊತ್ತು ದುಡಿಯುವುದು ಮೊದಲ ಅಂಕಿ. ನಡುವಿನ ಅಂಕಿ ಎಷ್ಟು ನಿಜ, ಎಷ್ಟು ಬರೀ ಬಣ್ಣದ ಮಾತು ಎಂದು ತೀರ್ಮಾನಿಸುವುದು ಕೊನೆಯ ಅಂಕಿ.

‘ಕಾಂಪ್ಯಾಕ್ಟ್’ ಎಂಬುದಕ್ಕೆ ಗಟ್ಟಿಯಾದ ಗೆರೆಯೇನಿಲ್ಲ. 50ರಿಂದ 65 ಮಿ.ಮೀ. ಲೆನ್ಸಿನವನ್ನು ಹಾಗೆ ಕರೆಯುವುದು ರೂಢಿ. 80 ದಾಟಿದರೆ ದೊಡ್ಡ ಸ್ಕೋಪು. ಈ ಎರಡರ ನಡುವಿನ ವ್ಯತ್ಯಾಸ ಮೊದಲು ತಿಳಿಯುವುದು ಹೆಗಲಿಗೆ. ಕೋವಾದ ಟಿಎಸ್‌ಎನ್-501, 50 ಮಿ.ಮೀ.ನದು, ಸುಮಾರು 400 ಗ್ರಾಂ ತೂಗುತ್ತದೆ. ಅದೇ ಕಂಪನಿಯ ಫ್ಲೋರೈಟ್ ಲೆನ್ಸಿನ 55 ಮಿ.ಮೀ. ಮಾದರಿ ಟಿಎಸ್‌ಎನ್-553 ಸುಮಾರು 800 ಗ್ರಾಂ. ಸ್ವರೋವ್ಸ್ಕಿಯ ಎಟಿಸಿ 17-40×56 ಒಂದು ಕಿಲೋಗೆ ಸ್ವಲ್ಪ ಕಡಿಮೆ. 80-85 ಮಿ.ಮೀ. ಸ್ಕೋಪುಗಳಾದರೆ ಒಂದೂವರೆ ಎರಡು ಕಿಲೋ, ಅದನ್ನು ಅಲುಗದಂತೆ ಹಿಡಿಯುವ ಟ್ರೈಪಾಡಿನದು ಇನ್ನೆರಡು ಕಿಲೋ. ನಾಲ್ಕು ಕಿಲೋ ಹೊತ್ತು ಬೆಳಗಿನಿಂದ ನಡೆಯುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮೂರನೆಯ ವಾರಕ್ಕೆ ಮನೆಯ ಮೂಲೆ ಸೇರುವ ದೊಡ್ಡ ಸ್ಕೋಪುಗಳೇ ಹೆಚ್ಚು.

ಚಿಕ್ಕದನ್ನು ಆರಿಸುವುದೆಂದರೆ ಬೆಳಕಿನಲ್ಲಿ ಖೋತಾ ಒಪ್ಪಿಕೊಂಡಂತೆ. ಲೆನ್ಸಿನ ಅಗಲದ ವರ್ಗದಷ್ಟು ಬೆಳಕು ಒಳಗೆ ಬರುತ್ತದೆ. 65 ಮಿ.ಮೀ. ಲೆನ್ಸು 50ರದಕ್ಕಿಂತ ಸುಮಾರು 1.7 ಪಟ್ಟು, 80ರದು ಎರಡೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಆ ಬೆಳಕು ಐಪೀಸಿನ (ಕಣ್ಣಿಟ್ಟು ನೋಡುವ ಕಡೆಯ ಲೆನ್ಸಿನ) ಹಿಂದೆ ಒಂದು ಪುಟ್ಟ ಬಿಲ್ಲೆಯಾಗಿ ಹೊರಬರುತ್ತದೆ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಲೆನ್ಸಿನ ಅಗಲವನ್ನು ಜೂಮಿನಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ. 50 ಮಿ.ಮೀ. ಸ್ಕೋಪನ್ನು 20 ಪಟ್ಟಿಗೆ ಇಟ್ಟರೆ 2.5 ಮಿ.ಮೀ., 33ಕ್ಕೆ ಏರಿಸಿದರೆ 1.5. ಹಗಲು ಬೆಳಕಿನಲ್ಲಿ ನಮ್ಮ ಕಣ್ಣಪಾಪೆ ಎರಡು-ಮೂರು ಮಿ.ಮೀ. ತೆರೆದಿರುತ್ತದೆ, ಹಾಗಾಗಿ ನಡುಹಗಲಿನಲ್ಲಿ ಚಿಕ್ಕ ಸ್ಕೋಪಿಗೂ ದೊಡ್ಡದಕ್ಕೂ ಹೊಳಪಿನಲ್ಲಿ ಅಂಥ ವ್ಯತ್ಯಾಸ ಕಾಣದು. ಮುಸ್ಸಂಜೆಗೆ ಪಾಪೆ ಹಿಗ್ಗುತ್ತದೆ, ಬಿಲ್ಲೆ ಇದ್ದಷ್ಟೇ ಇರುತ್ತದೆ, ಚಿತ್ರ ಮಂಕಾಗುತ್ತದೆ. 20-60×60ರ ಅರವತ್ತರಲ್ಲಿ ಬಿಲ್ಲೆ ಬರೀ 1 ಮಿ.ಮೀ. ಅಷ್ಟು ಸಣ್ಣದಾದಾಗ ಹಕ್ಕಿಯ ಜೊತೆ ನಿಮ್ಮ ಕಣ್ಣೊಳಗೆ ತೇಲುವ ಎಳೆಗಳೂ ಎದ್ದು ಕಾಣತೊಡಗುತ್ತವೆ.

ಇನ್ನು ವಿವರದ ಮಾತು. ವಲಸೆ ಬರುವ ನೀರಂಚಿನ ಹಕ್ಕಿಗಳ ಕಾಲಿಗೆ ಸಂಶೋಧಕರು ಬಣ್ಣದ ಪುಟ್ಟ ಪಟ್ಟಿ ಕಟ್ಟಿರುತ್ತಾರೆ, ಅದರ ಮೇಲೆ ಎರಡೋ ಮೂರೋ ಅಕ್ಷರ ಕೊರೆದಿರುತ್ತದೆ. ಅಕ್ಷರ 5 ಮಿ.ಮೀ. ಎತ್ತರ ಇದೆ, ಹಕ್ಕಿ 100 ಮೀಟರ್ ಆಚೆ ನಿಂತಿದೆ ಎಂದಿಟ್ಟುಕೊಳ್ಳಿ. ಆ ದೂರದಿಂದ ಅದು ಕಣ್ಣಿನಲ್ಲಿ ಹಿಡಿಯುವ ಜಾಗ ಸುಮಾರು 10 ಆರ್ಕ್ ಸೆಕೆಂಡ್, ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಹತ್ತು ಭಾಗ. ಕಣ್ಣಿನ ಡಾಕ್ಟರ ಗೋಡೆಯ ಪಟದಲ್ಲಿ 6/6 ಸಾಲಿನ ಅಕ್ಷರ ಹಿಡಿಯುವ ಜಾಗ 300 ಆರ್ಕ್ ಸೆಕೆಂಡ್. ಎಂದರೆ 30 ಪಟ್ಟು ಹಿಗ್ಗಿಸಿದರೆ ಸಾಕು, ಕಣ್ಣು ನೆಟ್ಟಗಿರುವವರು ಆ ಕಾಲಪಟ್ಟಿಯನ್ನು ಓದಬಹುದು. ಹಕ್ಕಿ 200 ಮೀಟರಿಗೆ ಸರಿದರೆ 60 ಪಟ್ಟು ಬೇಕು. ಇಲ್ಲೇ ತೊಡಕು. ಅಕ್ಷರದ ಒಂದು ಗೀಟಿಗೂ ಇನ್ನೊಂದಕ್ಕೂ ನಡುವೆ ಇರುವ ಎರಡು ಮಿ.ಮೀ. ಅಂತರ 200 ಮೀಟರಿನಿಂದ 2 ಆರ್ಕ್ ಸೆಕೆಂಡಿನಷ್ಟಾಗುತ್ತದೆ. ಲೆನ್ಸು ಎಷ್ಟು ಹತ್ತಿರದ ಎರಡು ಚುಕ್ಕೆಗಳನ್ನು ಬಿಡಿಬಿಡಿಯಾಗಿ ತೋರಬಲ್ಲದು ಎಂಬುದಕ್ಕೆ ಡಾಸ್ ಮಿತಿ ಎಂಬ ಹಳೆಯ ಸೂತ್ರವಿದೆ: 116ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. 50 ಮಿ.ಮೀ.ಗೆ 2.3 ಬರುತ್ತದೆ, 80ಕ್ಕೆ 1.45. ಹಾಗಾಗಿ 50 ಮಿ.ಮೀ. ಲೆನ್ಸಿನ ಹಿಂದೆ 60 ಪಟ್ಟಿನ ಐಪೀಸ್ ಸಿಕ್ಕಿಸಿದರೂ ಕಾಣುವುದು ದೊಡ್ಡದಾದ ಮಸುಕು, ಗೀಟುಗಳು ಬೇರಾಗುವುದಿಲ್ಲ. ಅದನ್ನು ಓದುವುದು 80ರ ಸ್ಕೋಪಿನ ಕೆಲಸ, ಅದೂ ಗಾಳಿ ತಣ್ಣಗಿದ್ದರೆ.

ಗಾಳಿ ಎಂದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ಚಿತ್ರವನ್ನು ಕುದಿಯುವ ನೀರಿನ ತಳದಲ್ಲಿಟ್ಟಂತೆ ಕುಲುಕಿಸುತ್ತದೆ. ಆಗ ಯಾವ ಲೆನ್ಸಿನ ಲೆಕ್ಕವೂ ನಡೆಯದು. ದೊಡ್ಡ ಸ್ಕೋಪಿನವರೂ 25-30ಕ್ಕೆ ಇಳಿಯುತ್ತಾರೆ, ಚಿಕ್ಕದರವರ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. ಈ ಕುಲುಕಾಟಕ್ಕೆ ಹಕ್ಕಿಯ ಕಡೆಯ ಗಾಳಿಗಿಂತ ನಿಮ್ಮ ಕಡೆಯ ಗಾಳಿ ಹೆಚ್ಚು ಕಾರಣ. ಕಾದ ಡಾಂಬರು, ಕಾರಿನ ಬಾನೆಟ್, ತಗಡಿನ ಚಾವಣಿ ಇವುಗಳ ಮೇಲಿಂದ ನೋಡುತ್ತಿದ್ದರೆ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ನಿಂತರೂ ಚಿತ್ರ ತಿಳಿಯಾಗುತ್ತದೆ. ತಣ್ಣಗಿನ ಕಾರಿನೊಳಗಿಂದ ಇಳಿಸಿದ ಕಿಟಕಿಯ ಮೂಲಕ ನೋಡಿದರೂ ಇದೇ ಕುಲುಕಾಟ: ಒಳಗಿನ ಗಾಳಿ ಹೊರಗಿನದರೊಡನೆ ಬೆರೆಯುವುದು ಸರಿಯಾಗಿ ಲೆನ್ಸಿನ ಮುಂದೆಯೇ. ಕಿಟಕಿ ಗಾಜಿನ ಮೂಲಕ ನೋಡುವುದಂತೂ ಬೇಡವೇ ಬೇಡ.

ಈಗ ಆ ಮೊದಲ ಅಂಕಿಗೆ ಬರೋಣ. ಹುಡುಕುವ ಕೆಲಸ ಬೈನಾಕ್ಯುಲರಿನದು, ಗುರುತಿಸುವ ಕೆಲಸ ಸ್ಕೋಪಿನದು. 8 ಪಟ್ಟಿನ ಬೈನಾಕ್ಯುಲರಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 135 ಮೀಟರ್ ಅಗಲದ ನೋಟ ಸಿಗುತ್ತದೆ. 20-60 ಜೂಮಿನ ಸ್ಕೋಪನ್ನು 20ಕ್ಕೆ ಇಟ್ಟರೆ ಅದು 35 ಮೀಟರಿನ ಆಸುಪಾಸಿಗೆ ಕುಗ್ಗುತ್ತದೆ. ಅಗಲದಲ್ಲಿ ನಾಲ್ಕನೇ ಒಂದು ಭಾಗ, ಹಾಸಿನಲ್ಲಿ ಹದಿನೈದನೇ ಒಂದು ಭಾಗ. ಬೈನಾಕ್ಯುಲರಿನಲ್ಲಿ ಕಂಡ ಹಕ್ಕಿ ಸ್ಕೋಪಿನಲ್ಲಿ ಸಿಗಲಿಲ್ಲ ಎಂಬ ಗೋಳಿನ ಮೂಲ ಇದು. 11ರಿಂದ ಶುರುವಾಗುವ ಸ್ಕೋಪಿನಲ್ಲಿ 60 ಮೀಟರಿನಷ್ಟು ಸಿಗುತ್ತದೆ, ಹಾರುವ ಹದ್ದನ್ನೂ ಹಿಂಬಾಲಿಸಬಹುದು. ವೋರ್ಟೆಕ್ಸ್ ರೇಜರ್ ಎಚ್‌ಡಿ 11-33×50, ಸೆಲೆಸ್ಟ್ರಾನಿನ ಹಮ್ಮಿಂಗ್‌ಬರ್ಡ್ 9-27×56 ಇವೆಲ್ಲ ಈ ಜಾತಿಯವು. ಚಿಕ್ಕ ಲೆನ್ಸಿನ ಹಿಂದೆ ಕಡಿಮೆ ಪವರಿನ ಐಪೀಸ್ ಇಡುವುದು ಜಾಣತನ. ಅದನ್ನು ಕಂಡು ‘ಮೂವತ್ತಮೂರಷ್ಟೇನಾ’ ಎಂದು ಮೂಗು ಮುರಿಯಬೇಕಿಲ್ಲ.

ಜೂಮ್ ಐಪೀಸಿನ ಇನ್ನೊಂದು ದೋಷ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕನಿಷ್ಠ ಜೂಮಿನಲ್ಲಿ ಅದರ ನೋಟದ ವೃತ್ತ ಕಿರಿದಾಗಿರುತ್ತದೆ, ಕೊಳವೆಯೊಳಗಿಂದ ಇಣುಕಿದ ಹಾಗೆ. ಜೂಮ್ ಏರಿದಂತೆ ವೃತ್ತ ಹಿಗ್ಗುತ್ತದೆ. ಬೇಕಾದದ್ದಕ್ಕೆ ಸರಿಯಾಗಿ ಉಲ್ಟಾ. ಅಗಲನೋಟದ, ಜೂಮ್ ಇಲ್ಲದ 30 ಪಟ್ಟಿನ ಐಪೀಸಿನಲ್ಲಿ ಸಾವಿರ ಮೀಟರಿಗೆ 38 ಮೀಟರ್ ಕಾಣಬಹುದು: ಜೂಮ್ ಐಪೀಸ್ 20ರಲ್ಲಿ ತೋರಿಸುವುದಕ್ಕಿಂತ ಹೆಚ್ಚು ಹರವು, ಅದೂ ಹಕ್ಕಿ ಒಂದೂವರೆ ಪಟ್ಟು ದೊಡ್ಡದಾಗಿ. ಐಪೀಸ್ ಬದಲಿಸಬಹುದಾದ ಸ್ಕೋಪು ನಿಮ್ಮದಾದರೆ, ನಿಕಾನಿನ ಇಡಿ50ಯಂಥದ್ದು, ಇದನ್ನು ಯೋಚಿಸಬೇಕು. ಹೊಸ ಕಾಂಪ್ಯಾಕ್ಟುಗಳಲ್ಲಿ ಜೂಮ್ ಐಪೀಸ್ ದೇಹಕ್ಕೇ ಬೆಸೆದಿರುವುದು ಸಾಮಾನ್ಯ. ನೀರು, ದೂಳು ಹೊಗುವ ಸಂದಿಯೊಂದು ಕಡಿಮೆಯಾಯಿತು ಎನ್ನುವುದು ಅದರ ಲಾಭ.

ಗಾಜಿನ ವಿಷಯದಲ್ಲಿ ಎರಡು ಹೆಸರು ಗೊತ್ತಿದ್ದರೆ ಸಾಕು. ಒಂದು ಬಣ್ಣದ ಅಂಚನ್ನು ತಗ್ಗಿಸುವ ‘ಇಡಿ’ (ED) ಗಾಜು ಅಥವಾ ಫ್ಲೋರೈಟ್. ಸಾಮಾನ್ಯ ಗಾಜಿನ ಲೆನ್ಸು ಕೆಂಪು, ನೀಲಿ ಬೆಳಕನ್ನು ಒಂದೇ ಜಾಗದಲ್ಲಿ ಕೂಡಿಸುವುದಿಲ್ಲ, ಅಂಚಿನಲ್ಲಿ ನೇರಳೆಯೋ ಹಸಿರೋ ಗೆರೆ ಮೂಡುತ್ತದೆ. ಬೆಳ್ಳಕ್ಕಿಯ ಕತ್ತಿನ ಅಂಚನ್ನು ಕಪ್ಪು ಹಿನ್ನೆಲೆಯಲ್ಲಿ, ಕಾಜಾಣವನ್ನು ಬೆಳ್ಳನೆಯ ಆಕಾಶದ ಎದುರು ನೋಡಿದರೆ ಥಟ್ಟನೆ ಗೊತ್ತಾಗುತ್ತದೆ. ನೋಡುವಾಗ ಹಕ್ಕಿ ನೋಟದ ನಟ್ಟನಡುವೆ ಇರಲಿ, ಕಣ್ಣೂ ಐಪೀಸಿನ ನಡುವೆಯೇ ಇರಲಿ; ಕಣ್ಣು ಓರೆಯಾದರೆ ಎಂಥ ಒಳ್ಳೆಯ ಸ್ಕೋಪೂ ಬಣ್ಣದ ಅಂಚು ತೋರಿಸುತ್ತದೆ. ನೀರಂಚಿನ ಹಕ್ಕಿಗಳಲ್ಲಿ ಲಿಟಲ್ ಸ್ಟಿಂಟಿನ ಕಾಲು ಕಪ್ಪು, ಟೆಮ್ಮಿಂಕ್ಸ್ ಸ್ಟಿಂಟಿನದು ಹಳದಿ ಛಾಯೆಯದು. ಗುಬ್ಬಿ ಗಾತ್ರದ ಹಕ್ಕಿಯ ಕಡ್ಡಿಯಂಥ ಕಾಲಿನ ಬಣ್ಣ ಹೇಳಬೇಕಾದಾಗ ಆ ನೇರಳೆ ಗೆರೆ ದಾರಿ ತಪ್ಪಿಸುತ್ತದೆ.

ಎರಡನೆಯದು ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಲೆನ್ಸು, ಪ್ರಿಸಂ, ಐಪೀಸ್ ಎಲ್ಲ ಸೇರಿ ಹದಿನಾರು ಮೈಗಳಿದ್ದರೆ ಅರ್ಧ ಬೆಳಕು ದಾರಿಯಲ್ಲೇ ಖರ್ಚು. ಪ್ರತಿ ಮೈಗೂ ಬಹುಪದರ ಲೇಪನವಿದ್ದು, ಒಂದೊಂದರಲ್ಲಿ ಅರ್ಧ ಶೇಕಡಾ ಮಾತ್ರ ನಷ್ಟವಾದರೆ ನೂರಕ್ಕೆ ತೊಂಬತ್ತೆರಡು ಉಳಿಯುತ್ತದೆ. ಕಾಗದದಲ್ಲಿ ‘ಫುಲ್ಲಿ ಮಲ್ಟಿಕೋಟೆಡ್’ ಎಂದಿರಬೇಕು. ಬರೀ ‘ಮಲ್ಟಿಕೋಟೆಡ್’ ಎಂದರೆ ಕೆಲವು ಮೈಗೆ ಮಾತ್ರ ಬಹುಪದರ ಬಳಿದಿರಬಹುದು, ಮಿಕ್ಕವಕ್ಕೆ ಇಲ್ಲದಿರಬಹುದು ಎಂದರ್ಥ.

ನೀರು ತಡೆಯುವುದು ಬೇಕೇ ಎಂದು ಕೇಳುವವರಿಗೆ ಉತ್ತರ: ಬೇಕು, ಮಳೆಗಿಂತ ಹೆಚ್ಚಾಗಿ ಒಳಮಂಜಿಗೆ. ಬಿಸಿಯಿಂದ ತಂಪಿಗೆ ಹೋದಾಗ ಒಳಗಿನ ತೇವ ಗಾಜಿನ ಮೇಲೆ ಹನಿಗಟ್ಟದಿರಲೆಂದು ಸ್ಕೋಪಿನೊಳಗೆ ಒಣ ನೈಟ್ರೋಜನ್ ತುಂಬಿರುತ್ತಾರೆ. ಹೊರಗಿನ ಮಂಜನ್ನು ಒರೆಸಬಹುದು, ಒಳಗಿನದನ್ನು ಒರೆಸಲಾಗದು. ತೇವ ನಿಂತಲ್ಲಿ ಶಿಲೀಂಧ್ರ ಬರುತ್ತದೆ, ಅದು ಲೇಪನವನ್ನೇ ತಿನ್ನುತ್ತದೆ.

ಓರೆಯದೋ ನೇರದ್ದೋ? ಓರೆ ಸ್ಕೋಪಿನಲ್ಲಿ ಐಪೀಸ್ ಸಾಮಾನ್ಯವಾಗಿ 45 ಡಿಗ್ರಿ ಮೇಲಕ್ಕೆ ಬಾಗಿರುತ್ತದೆ, ಮೇಲಿಂದ ಬಗ್ಗಿ ನೋಡಬೇಕು. ಕೋವಾದಲ್ಲಿ 501, 553 ಓರೆ, 502, 554 ನೇರ. ಸ್ವರೋವ್ಸ್ಕಿಯಲ್ಲಿ ಎಟಿಸಿ ಓರೆ, ಎಸ್‌ಟಿಸಿ ನೇರ. ಹಗುರ ಸಾಮಾನು ಬೇಕೆನ್ನುವವರಿಗೆ ನಾನು ಹೇಳುವುದು ಓರೆಯದನ್ನೇ. ಕಾರಣ ಕುತ್ತಿಗೆಯದಲ್ಲ, ಟ್ರೈಪಾಡಿನದು. ಓರೆ ಸ್ಕೋಪಿಗೆ ಟ್ರೈಪಾಡ್ ಎದೆಮಟ್ಟದಲ್ಲಿದ್ದರೆ ಸಾಕು, ಗಿಡ್ಡ ಟ್ರೈಪಾಡ್ ಹಗುರವಾಗಿಯೂ ಗಟ್ಟಿಯಾಗಿಯೂ ನಿಲ್ಲುತ್ತದೆ. ಎತ್ತರದವರೂ ಗಿಡ್ಡನೆಯವರೂ ಎತ್ತರ ಬದಲಿಸದೆ ಸರದಿಯಲ್ಲಿ ನೋಡಬಹುದು. ನೇರದ್ದು ಗೆಲ್ಲುವುದು ಎರಡು ಕಡೆ: ಕಾರಿನ ಕಿಟಕಿಯಿಂದ ನೋಡುವಾಗ, ಮತ್ತು ಹೊಸಬರು ಹಕ್ಕಿಯತ್ತ ಗುರಿ ಹಿಡಿಯುವಾಗ.

ಕನ್ನಡಕದವರು ಐ ರಿಲೀಫ್ ಎಂಬ ಅಳತೆ ನೋಡಬೇಕು: ಐಪೀಸಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೂ ಪೂರ್ತಿ ವೃತ್ತ ಕಾಣುತ್ತದೆ ಎಂಬುದು. 15-16 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಂಚು ಕತ್ತರಿಸುತ್ತದೆ, 18 ಇದ್ದರೆ ಆರಾಮ. ಜೂಮ್ ಬದಲಾದಂತೆ ಇದೂ ಬದಲಾಗುವುದರಿಂದ ಎಲ್ಲ ಜೂಮಿನಲ್ಲೂ ಕಣ್ಣಿಟ್ಟು ನೋಡಿ. ದೂರದ್ದು ಕಾಣದ ಕಣ್ಣಿನವರು ಕನ್ನಡಕ ತೆಗೆದು ನೋಡುವುದಾದರೆ, ದೂರದ ಬೆಟ್ಟಕ್ಕೆ ಫೋಕಸ್ ಆದ ಮೇಲೂ ಚಕ್ರ ಇನ್ನಷ್ಟು ತಿರುಗುತ್ತದೆಯೇ ಪರೀಕ್ಷಿಸಬೇಕು. ತಿರುಗದಿದ್ದರೆ ದೂರದ ಹಕ್ಕಿ ಎಂದಿಗೂ ಚುರುಕಾಗದು.

ಟ್ರೈಪಾಡಿನ ವಿಷಯಕ್ಕೆ ಬಂದರೆ, ಒಳ್ಳೆಯ ಸ್ಕೋಪು ಕೊಂಡು ಟ್ರೈಪಾಡಿನಲ್ಲಿ ಜಿಪುಣತನ ಮಾಡುವುದು ಎಲ್ಲರೂ ಮಾಡುವ ತಪ್ಪು. 30 ಪಟ್ಟಿನಲ್ಲಿ ಹಕ್ಕಿಯ ಜೊತೆ ನಡುಕವೂ 30 ಪಟ್ಟಾಗುತ್ತದೆ. ಕಾಲುಗಳನ್ನು ಬಿಡಿಸುವಾಗ ದಪ್ಪ ಹಂತಗಳನ್ನು ಮೊದಲು ಎಳೆಯಿರಿ, ಕಡ್ಡಿಯಂಥ ಕೊನೆಯ ಹಂತ ಆದಷ್ಟು ಒಳಗೇ ಇರಲಿ. ನಡುಗಂಬವನ್ನು ಎತ್ತಿದಿರೋ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದಂತೆ. ಗಾಳಿ ಬೀಸುವಾಗ ಎಲ್ಲವನ್ನೂ ತಗ್ಗಿಸಿ ಕೂತು ನೋಡಿ. ಕೊಕ್ಕೆಗೆ ಚೀಲ ನೇತುಹಾಕುವ ಉಪಾಯ ಹೇಳುತ್ತಾರೆ. ಚೀಲ ನೆಲ ಮುಟ್ಟುವಂತಿದ್ದರೆ ಸರಿ, ತೂಗಾಡುತ್ತಿದ್ದರೆ ಅದೇ ಲೋಲಕವಾಗಿ ಇನ್ನಷ್ಟು ಅಲುಗಿಸುತ್ತದೆ. ಸ್ಕೋಪು ಕೂರುವ ಟ್ರೈಪಾಡಿನ ತಲೆ ಫ್ಲೂಯಿಡ್ ಹೆಡ್ (ದ್ರವದ ತಡೆಯಿಂದ ನಯವಾಗಿ ತಿರುಗುವಂಥದ್ದು) ಆಗಿರಲಿ, ಚಿಕ್ಕದಾದರೂ ಪರವಾಗಿಲ್ಲ. ಫೋಟೋದವರ ಬಾಲ್ ಹೆಡ್ ಸಡಿಲಿಸಿದ ಕೂಡಲೇ ಎಲ್ಲ ದಿಕ್ಕಿಗೂ ವಾಲುತ್ತದೆ, ಸಾಲಾಗಿ ನಿಂತ ಹಕ್ಕಿಗಳ ಮೇಲೆ ಅಡ್ಡಡ್ಡ ಸರಿಯಲು ಬಿಡುವುದಿಲ್ಲ. ಟ್ರೈಪಾಡಿನ ತಲೆಗೆ ಕೂರುವ ಪ್ಲೇಟನ್ನು ಸ್ಕೋಪಿಗೆ ಹಿಡಿಯುವುದು ಒಂದೇ ಕಾಲಿಂಚಿನ ಸ್ಕ್ರೂ. ತಿರುಗಿಸುತ್ತ ತಿರುಗಿಸುತ್ತ ಅದು ಸಡಿಲವಾಗುತ್ತದೆ. ಬಿಗಿಮಾಡಲು ಒಂದು ನಾಣ್ಯ ಜೇಬಿನಲ್ಲಿರಲಿ. ಟ್ರೈಪಾಡ್ ಸಾಕೋ ಇಲ್ಲವೋ ತಿಳಿಯಲು ಗರಿಷ್ಠ ಜೂಮಿನಲ್ಲಿ ನೋಡುತ್ತ ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಂದು ಸೆಕೆಂಡಿನಲ್ಲಿ ಚಿತ್ರ ನಿಂತರೆ ಒಳ್ಳೆಯದು, ಮೂರು ಎಣಿಸುವವರೆಗೂ ನಡುಗುತ್ತಿದ್ದರೆ ಅದು ಆ ಸ್ಕೋಪಿನ ಟ್ರೈಪಾಡ್ ಅಲ್ಲ.

ಫೋಕಸ್ ಚಕ್ರದ ಮಾತೂ ಇದಕ್ಕೆ ಅಂಟಿಕೊಂಡದ್ದೇ. ಕೆಲವು ಸ್ಕೋಪುಗಳಲ್ಲಿ ಕೊಳವೆಯ ಸುತ್ತಲಿನ ದಪ್ಪ ಬಳೆಯನ್ನೇ ತಿರುಗಿಸಬೇಕು. ಬೇಗ ಆಗುತ್ತದೆ, ಆದರೆ ಹಗುರ ಟ್ರೈಪಾಡಿನ ಮೇಲೆ ತಿರುಗಿಸಿದಷ್ಟು ಹೊತ್ತೂ ಚಿತ್ರ ಕುಣಿಯುತ್ತದೆ. ಮೇಲಿನ ಪುಟ್ಟ ಚಕ್ರ ನಿಧಾನ, ಆದರೆ ಒಂದೇ ಬೆರಳಿನ ಕೆಲಸ. ಚಿಕ್ಕ ಸ್ಕೋಪಿಗೆ ಚಕ್ರವೇ ಮೇಲು.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಲೇಬೇಕು, ಏಕೆಂದರೆ ಒಂದೇ ಮಾದರಿಯ ಎರಡು ಸ್ಕೋಪುಗಳು ಒಂದೇ ತೆರನಾಗಿರುವುದಿಲ್ಲ. ಸಾಧ್ಯವಾದರೆ ಎರಡು ಮೂರನ್ನು ಹೊರಗೆ ತಂದು, ಟ್ರೈಪಾಡಿನ ಮೇಲಿಟ್ಟು, ಐವತ್ತು ಮೀಟರ್ ದೂರದ ಸಣ್ಣ ಅಚ್ಚಿನ ಕಾಗದವೊಂದನ್ನು ಗರಿಷ್ಠ ಜೂಮಿನಲ್ಲಿ ನೋಡಿ. ಒಳ್ಳೆಯ ಸ್ಕೋಪಿನಲ್ಲಿ ಫೋಕಸ್ ಟಕ್ಕನೆ ಕೂರುತ್ತದೆ, ಚಕ್ರ ಕೂದಲೆಳೆ ಆಚೀಚೆ ಹೋದರೂ ಗೊತ್ತಾಗುತ್ತದೆ. ಕೆಟ್ಟದರಲ್ಲಿ ‘ಇಲ್ಲಿಯೋ, ಇನ್ನೊಂಚೂರು ಮುಂದೆಯೋ’ ಎಂದು ಹುಡುಕುತ್ತಲೇ ಇರುತ್ತೀರಿ. ಆಮೇಲೆ ದೂರದ ಒಂದು ಮಿನುಗುವ ಬಿಂದು, ವಿದ್ಯುತ್ ಕಂಬದ ಪಿಂಗಾಣಿಯ ಮೇಲಿನ ಬಿಸಿಲಿನ ಹೊಳಪು ಸಾಕು, ಅದನ್ನು ಫೋಕಸಿನಿಂದ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಸರಿಸಿ. ಎರಡೂ ಕಡೆ ದುಂಡನೆಯ ಉಂಗುರಗಳು ಒಂದೇ ಬಗೆಯಲ್ಲಿ ಹರಡಬೇಕು. ಒಂದು ಕಡೆ ಉದ್ದಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ ಎಳೆದಂತಾದರೆ, ಅಥವಾ ಧೂಮಕೇತುವಿನ ಬಾಲ ಮೂಡಿದರೆ, ಲೆನ್ಸುಗಳು ಸರಿಯಾಗಿ ಕೂತಿಲ್ಲ. ಅದನ್ನು ವಾಪಸ್ ಕೊಡಿ.

ಇನ್ನೊಂದು ಪರೀಕ್ಷೆ ಗೊತ್ತಿರುವವರು ಕಡಿಮೆ. ಕನಿಷ್ಠ ಜೂಮಿಗೆ ಇಟ್ಟು, ಬೆಳಕಿನತ್ತ ಮುಖ ಮಾಡಿಸಿ (ಸೂರ್ಯನತ್ತ ಖಂಡಿತ ಅಲ್ಲ, ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ), ಐಪೀಸಿನ ಹಿಂದೆ ತೆಳು ಕಾಗದ ಹಿಡಿದು ಹಿಂದೆ ಮುಂದೆ ಆಡಿಸಿ. ಬೆಳಕಿನ ಬಿಲ್ಲೆ ಅತಿ ಚಿಕ್ಕದಾಗಿ ಅಂಚು ಚೂಪಾದಲ್ಲಿ ನಿಲ್ಲಿಸಿ ಸ್ಕೇಲಿನಿಂದ ಅಳೆಯಿರಿ. 11 ಪಟ್ಟಿನ 50 ಮಿ.ಮೀ. ಸ್ಕೋಪಿನಲ್ಲಿ ಅದು ನಾಲ್ಕೂವರೆ ಮಿ.ಮೀ. ಇರಬೇಕು. ಮೂರೂವರೆಯಷ್ಟೇ ಇದ್ದರೆ 11ರಿಂದ ಗುಣಿಸಿ: 38.5 ಮಿ.ಮೀ. ಹೊರಗೆ 50 ಮಿ.ಮೀ. ಲೆನ್ಸು, ಒಳಗೆಲ್ಲೋ ಕಿರಿದಾದ ಬಳೆ ಅಥವಾ ಪುಟ್ಟ ಪ್ರಿಸಂ ಬೆಳಕನ್ನು ಅಡ್ಡಗಟ್ಟಿದೆ. ಬಿಲ್ಲೆ ದುಂಡಗಿಲ್ಲದೆ ಅಂಚು ಕತ್ತರಿಸಿದಂತಿದ್ದರೂ ಕಾರಣ ಅದೇ.

ಮೊಬೈಲಿನಲ್ಲಿ ಚಿತ್ರ ತೆಗೆಯುವ ಆಸೆಯಿದ್ದರೆ, ಫೋನಿನ ಲೆನ್ಸು ಸರಿಯಾಗಿ ಆ ಬಿಲ್ಲೆಯ ಜಾಗದಲ್ಲೇ ಕೂರಬೇಕು. ಮುಂದಾದರೂ ಹಿಂದಾದರೂ ಚಿತ್ರದ ಸುತ್ತ ಕಪ್ಪು ಉಂಗುರ ಬರುತ್ತದೆ. ಅದಕ್ಕೆಂದೇ ಅಡಾಪ್ಟರ್ ಸಿಗುತ್ತದೆ. ಹಲವು ಕ್ಯಾಮೆರಾಗಳ ಫೋನಾದರೆ ಮುಖ್ಯ ಲೆನ್ಸನ್ನೇ ಬಳಸಿ, ಬಟನ್ ಒತ್ತಿದ ಅಲುಗಾಟ ಅಡಗಲೆಂದು ಎರಡು ಸೆಕೆಂಡಿನ ಟೈಮರ್ ಇಡಿ. ಇದರಿಂದಾಚೆಗೆ ಚಿಕ್ಕ ಸ್ಕೋಪಿನಿಂದ ಪತ್ರಿಕೆಗೆ ಕಳಿಸುವಂಥ ಚಿತ್ರ ನಿರೀಕ್ಷಿಸಬೇಡಿ. ಗುರುತಿಗೆ ಸಾಕ್ಷಿ ಸಿಕ್ಕರೆ ಅದೇ ಲಾಭ.

ಓರೆ ಸ್ಕೋಪು ಕೊಂಡವರಿಗೆ ಮೊದಲ ವಾರ ಹಕ್ಕಿ ಸಿಗುವುದೇ ಇಲ್ಲ, ನೋಡುವ ದಿಕ್ಕು ಒಂದು, ಕೊಳವೆಯ ದಿಕ್ಕು ಇನ್ನೊಂದು. ಇದಕ್ಕೆ ಬಂದೂಕಿನಂಥ ದುಬಾರಿ ಗುರಿಗಣ್ಣೇನೂ ಬೇಡ. ತಂತಿ ಕಟ್ಟುವ ಪ್ಲಾಸ್ಟಿಕ್ ಟೈ ಒಂದನ್ನು ಲೆನ್ಸಿನ ಮುಂದಿನ ಬಿಸಿಲುಮರೆಗೆ ಸುತ್ತಿ ಬಿಗಿಯಿರಿ, ಬಾಲವನ್ನು ಮೇಲಕ್ಕೆ ನಿಲ್ಲಿಸಿ. ಕನಿಷ್ಠ ಜೂಮಿನಲ್ಲಿ ದೂರದ ಕಂಬದ ತುದಿಯೊಂದನ್ನು ನೋಟದ ನಡುವೆ ತಂದು ಟ್ರೈಪಾಡನ್ನು ಬಿಗಿಮಾಡಿ. ಈಗ ತಲೆಯನ್ನು ಐಪೀಸಿನ ಪಕ್ಕಕ್ಕೆ ತಂದು, ದಿನಾ ಇಡಬಲ್ಲ ಒಂದೇ ಜಾಗದಿಂದ, ಕೊಳವೆಯ ಉದ್ದಕ್ಕೂ ನೋಡುತ್ತ ಟೈಯನ್ನು ಸುತ್ತಲೂ ಸರಿಸಿ, ಬಾಲ ಕಂಬದ ನೇರಕ್ಕೆ ಬಂದಲ್ಲಿ ನಿಲ್ಲಿಸಿ. ಬಾಲದ ತುದಿ ಕಂಬದ ತುದಿಯನ್ನು ಮುಟ್ಟುವವರೆಗೆ ಚೂರುಚೂರೇ ಕತ್ತರಿಸಿ. ಒಮ್ಮೆಲೇ ಹೆಚ್ಚು ಕತ್ತರಿಸಿದರೆ ಇನ್ನೊಂದು ಟೈ ಬೇಕಾಗುತ್ತದೆ, ಅದಕ್ಕೆ ಎರಡು ಮೂರು ಜೊತೆಗಿರಲಿ. ಆಮೇಲೆ ಕೆಲಸ ಇಷ್ಟೇ: ಆ ತುದಿಯನ್ನು ಹಕ್ಕಿಯ ಮೇಲೆ ಕೂರಿಸಿ ಐಪೀಸಿಗೆ ಕಣ್ಣಿಟ್ಟರೆ, ಅದು ಅಷ್ಟರಲ್ಲಿ ಹಾರಿರದಿದ್ದರೆ, ಅಲ್ಲೇ ಇರುತ್ತದೆ.